ಕಡತ ಸೇರದ ಹಳದಿ ಹಾಳೆ

ನಿಮ್ಮ ಕೈ ಏಕೆ ನಡುಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು, ಮುನಿರಾಜು ಅವರೇ. ಖಚಿತವಾಗಿ ಗೊತ್ತಿತ್ತೆಂದರೆ ಅತಿಯಾದೀತು, ನಾನು ವೈದ್ಯನಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಿತ್ತು, ಯಾರನ್ನು ಕೇಳಬೇಕೆಂದೂ ಗೊತ್ತಿತ್ತು. ಪ್ರಶ್ನೆಯನ್ನು ಬರೆದೂ ಇದ್ದೆ. ಬರೆದದ್ದನ್ನು ನಾನೇ ಹರಿದುಹಾಕಿದೆ. ಆಮೇಲೆ ಹೆಚ್ಚುಕಡಿಮೆ ಎರಡು ವರ್ಷ, ನೀವು ನನ್ನ ಕೊರಳಿಗೆ ಕತ್ತಿ ತಾಗಿಸಿ ನಿಂತಾಗಲೆಲ್ಲ, ಕಣ್ಣು ಮುಚ್ಚಿಕೊಂಡು ಕುಳಿತೆ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಬೇಸರಪಡಬೇಡಿ. ಕೆಲವನ್ನು ಹೇಳಿ ಕೆಲವನ್ನು ಬಿಟ್ಟದ್ದರಿಂದಲೇ ಈ ಬರವಣಿಗೆ ಅಗತ್ಯವಾಯಿತು.

ಇಪ್ಪತ್ತೊಂದು ವರ್ಷ ನಾನು ಆರ್.ಟಿ. ನಗರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದೆ. ವಿಭಕ್ತಿ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಮುಖ್ಯೋಪಾಧ್ಯಾಯರ ಸುತ್ತೋಲೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವರ ಮೇಜಿಗೇ ಹಿಂದಿರುಗಿಸಿದವನು. ಕನ್ನಡ ಮಾಧ್ಯಮದ ತರಗತಿಗಳು ಮುಚ್ಚಿದಾಗ ನನಗೆ ನಲವತ್ತಾರು. ಆ ವಯಸ್ಸಿನಲ್ಲಿ ಬೇರೆ ಶಾಲೆಗಳು ಕರೆಯುವುದಿಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೆಡಿಕಲ್ ಕೋಡಿಂಗ್ ಎಂಬ ಕೆಲಸವಿದೆ ಎಂದಳು. ವೈದ್ಯರೂ ದಾದಿಯರೂ ಬರೆದ ಕಡತವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿ, ಅದರಲ್ಲಿರುವ ಪ್ರತಿಯೊಂದು ಕಾಯಿಲೆಗೂ ಗೊತ್ತುಪಡಿಸಿದ ಒಂದು ಸಂಕೇತವನ್ನು ನಮೂದಿಸುವುದು. ‘ತಪ್ಪು ಹುಡುಕೋ ಕೆಲ್ಸ ಸರ್, ನಿಮಗೆ ಹೇಳಿ ಮಾಡ್ಸಿದ್ದು’ ಎಂದು ನಕ್ಕಳು. ಆರು ತಿಂಗಳು ಕಲಿತೆ. ಹೆಬ್ಬಾಳದ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ತಾತ್ಕಾಲಿಕ ಹುದ್ದೆ ಸಿಕ್ಕಿತು. ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ. ನನಗೆ ಇಷ್ಟವಾಯಿತು.

ಕೈ ನಡುಗುವುದಕ್ಕೆ ನಮ್ಮಲ್ಲಿ ಒಂದೇ ಸಂಕೇತವಿಲ್ಲ. ಕಾರಣ ತಿಳಿಯದ ನಡುಕಕ್ಕೆ ಒಂದು, ವಂಶದಲ್ಲಿ ಹರಿದುಬರುವ ನಡುಕಕ್ಕೆ ಇನ್ನೊಂದು. ಮೈ ಬಿಗಿದು, ನಡಿಗೆ ನಿಧಾನವಾಗಿ, ಕೈ ತಾನೇ ತಾನಾಗಿ ಅಲುಗುವ ಪಾರ್ಕಿನ್ಸನ್ ಕಾಯಿಲೆಗೆ ಜಿ ಇಪ್ಪತ್ತು. ಅವೇ ಲಕ್ಷಣಗಳು ಬೇರೆ ಯಾವುದೋ ತೊಂದರೆಗೆ ನುಂಗಿದ ಮಾತ್ರೆಯಿಂದ ಬಂದಿದ್ದರೆ ಜಿ ಇಪ್ಪತ್ತೊಂದು. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಮನೆಗಳು. ಮೊದಲನೆಯದನ್ನು ಹೊಕ್ಕವರು ಹೊರಗೆ ಬರುವುದಿಲ್ಲ. ಎರಡನೆಯದರಿಂದ, ಆ ಮಾತ್ರೆಯನ್ನು ಸಕಾಲದಲ್ಲಿ ನಿಲ್ಲಿಸಿದರೆ, ಬಹಳ ಮಂದಿ ಬರುತ್ತಾರೆ.

ಯಾವ ಮನೆ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ; ಅದು ವೈದ್ಯರದು. ಅವರು ಬರೆಯದಿದ್ದುದನ್ನು ನಾವು ಊಹಿಸುವಂತಿಲ್ಲ. ಕಡತದಲ್ಲಿ ಅನುಮಾನ ಕಂಡರೆ ನಮಗಿರುವ ದಾರಿ ಒಂದೇ — ಹಳದಿ ಹಾಳೆ. ಅದರಲ್ಲಿ ಪ್ರಶ್ನೆ ಬರೆದು, ಸಹಿ ಹಾಕಿ, ವೈದ್ಯರಿಗೆ ಕಳುಹಿಸಬೇಕು. ಅವರು ಉತ್ತರ ಬರೆದು ಹಿಂದಿರುಗಿಸಬೇಕು. ಪ್ರತಿ ಹಾಳೆಗೂ ಕ್ರಮಸಂಖ್ಯೆ, ಪ್ರತಿ ಸಂಖ್ಯೆಗೂ ವಹಿಯಲ್ಲಿ ಒಂದು ಸಾಲು.

ನಿಮ್ಮ ಕಡತ ನನ್ನ ಮೇಜಿಗೆ ಬಂದದ್ದು ಕೆಲಸಕ್ಕೆ ಸೇರಿದ ಹತ್ತನೆಯ ತಿಂಗಳಲ್ಲಿ. ಹೆಸರು ಓದಿದೆ, ವಿಳಾಸ ಓದಿದೆ — ಬ್ಯಾಟರಾಯನಪುರ. ಉದ್ಯೋಗ: ಕ್ಷೌರಿಕರು, ಸ್ವಂತ ಅಂಗಡಿ. ಹದಿನಾಲ್ಕು ವರ್ಷ ನನ್ನ ತಲೆಯನ್ನೂ ಗಡ್ಡವನ್ನೂ ನೋಡಿಕೊಂಡ ನೀವು! ಪರಿಚಿತರ ಕಡತ ಬಂದರೆ ಪಕ್ಕದವರಿಗೆ ದಾಟಿಸಬೇಕೆಂಬ ನಿಯಮವಿತ್ತು. ದಾಟಿಸಲಿಲ್ಲ. ನನ್ನಷ್ಟು ಎಚ್ಚರದಿಂದ ಇನ್ಯಾರೂ ಓದುವುದಿಲ್ಲವೆಂಬ ಅಹಂಕಾರ. ದಾಟಿಸಿದ್ದರೆ ಬಹುಶಃ — ಆ ವಾಕ್ಯವನ್ನು ನಾನು ಇದುವರೆಗೂ ಮುಗಿಸಿಲ್ಲ.

ಎಚ್ಚರದಿಂದಲೇ ಓದಿದೆ. ಕಡತದ ಹಿಂದಿನ ಹಾಳೆಯೊಂದರಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯರ ಬರಹ: ದಿನವಿಡೀ ನಿಂತು ಕೆಲಸ, ತಲೆಸುತ್ತು, ಇಂಥ ಮಾತ್ರೆ, ದಿನಕ್ಕೆ ಎರಡು. ಎಷ್ಟು ದಿನ ಎಂಬಲ್ಲಿ ಖಾಲಿ. ನಾಲ್ಕು ತಿಂಗಳ ನಂತರದ ಹಾಳೆಯಲ್ಲಿ, ಎರಡು ದಿನ ನಿಮ್ಮನ್ನು ಒಳರೋಗಿಯಾಗಿ ಇಟ್ಟುಕೊಂಡ ಹಿರಿಯ ವೈದ್ಯರ ಬರಹ: ಎರಡೂ ಕೈ ನಡುಕ, ಮೈಬಿಗಿತ, ಪಾರ್ಕಿನ್ಸನ್, ಚಿಕಿತ್ಸೆ ಆರಂಭ. ತಲೆಸುತ್ತಿನ ಮಾತ್ರೆಯ ಮಾತೇ ಇಲ್ಲ. ದಾದಿಯರ ಹಾಳೆಯಲ್ಲಿ ಮಾತ್ರ ‘ಮನೆಯಿಂದ ತಂದ ಮಾತ್ರೆಗಳನ್ನು ಮುಂದುವರಿಸಿದ್ದಾರೆ’ ಎಂಬ ಒಂದು ಸಾಲು. ಒಬ್ಬ ವೈದ್ಯರು ಎರಡನೆಯ ಮಹಡಿಯಲ್ಲಿ, ಇನ್ನೊಬ್ಬರು ನಾಲ್ಕನೆಯದರಲ್ಲಿ. ಮೂರೂ ಹಾಳೆಗಳನ್ನು ಒಟ್ಟಿಗೆ ಓದಿದವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ.

ತಲೆಸುತ್ತಿನ ಕೆಲವು ಮಾತ್ರೆಗಳು ಬಹುಕಾಲ ನುಂಗಿದರೆ ಹೀಗೆ ನಡುಕ ತರಬಲ್ಲವೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಳದಿ ಹಾಳೆ ತೆಗೆದು ಬರೆದೆ: ‘ರೋಗಿಯು ನಡುಕಕ್ಕೆ ಮುಂಚಿನಿಂದ ಸೇವಿಸುತ್ತಿರುವ ಮಾತ್ರೆಗೂ ಈ ಲಕ್ಷಣಗಳಿಗೂ ಸಂಬಂಧವಿದೆಯೇ? ದಯವಿಟ್ಟು ಸ್ಪಷ್ಟಪಡಿಸಿ.’ ಸಹಿ ಹಾಕಿದೆ. ಎದ್ದೆ.

ಎದ್ದವನು ಮತ್ತೆ ಕುಳಿತೆ.

ಹಿಂದಿನ ವಾರವಷ್ಟೇ ಅದೇ ಹಿರಿಯ ವೈದ್ಯರು ನಾಲ್ಕನೆಯ ಮಹಡಿಯಲ್ಲಿ, ದಾದಿಯರ ಎದುರಿಗೆ, ನನ್ನನ್ನು ನಿಲ್ಲಿಸಿಕೊಂಡು ಮಾತನಾಡಿದ್ದರು. ‘ರೀ ಮೇಷ್ಟ್ರೇ, ನನ್ನ ಸ್ಪೆಲ್ಲಿಂಗ್ ತಿದ್ದೋಕೆ ನಿಮ್ಮನ್ನ ಇಟ್ಕೊಂಡಿದಾರೋ, ಮೆಡಿಸಿನ್ ಹೇಳ್ಕೊಡೋಕೋ? ಇನ್ನೊಂದು ಹಳದಿ ಚೀಟಿ ನನ್ನ ಟೇಬಲ್‌ಗೆ ಬರ್ಲಿ, ಆಮೇಲೆ ನೋಡಿ.’ ದಾದಿಯೊಬ್ಬಳು ನಗು ತಡೆಯಲು ಮುಖ ತಿರುಗಿಸಿಕೊಂಡಳು. ಬೈಗುಳ ಅನ್ಯಾಯವಾಗಿರಲಿಲ್ಲ. ಆ ತಿಂಗಳು ಅವರಿಗೆ ಕಳುಹಿಸಿದ ಒಂಬತ್ತು ಹಾಳೆಗಳಲ್ಲಿ ಏಳು, ರೋಗಿಗೆ ಯಾವ ಸಂಬಂಧವೂ ಇಲ್ಲದವು: ವಾಕ್ಯ ಅಪೂರ್ಣವಾಗಿದೆ, ಸಂಕ್ಷೇಪ ಅಂಗೀಕೃತವಲ್ಲ, ಅಕ್ಷರ ಅಸ್ಪಷ್ಟ — ಇಂಥವು. ನನ್ನ ಜಾಣತನ ತೋರಿಸಲು ಅವರ ಸಹನೆಯನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದೆ. ನಿಜವಾಗಿ ಕೇಳಬೇಕಾದ ದಿನ ಬಂದಾಗ ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ಶೋಭಾ ಅವರೂ ನಿಮ್ಮ ಕಡತ ಬಂದ ದಿನವೇ ಬೆಳಿಗ್ಗೆ ಎಚ್ಚರಿಸಿದ್ದರು. ‘ಸರ್, ನಿಮ್ ಕನ್ಫರ್ಮೇಶನ್ ಫೈಲ್ ಮೇಲ್ಗಡೆ ಹೋಗಿದೆ. ಒಂದ್ ತಿಂಗ್ಳು ಸುಮ್ನಿರಿ ಸರ್, ಪ್ಲೀಸ್. ಯಾರ್ ತಂಟೆಗೂ ಹೋಗ್ಬೇಡಿ.’

ಸುಮ್ಮನಿದ್ದೆ. ಹಿರಿಯ ವೈದ್ಯರು ಪಾರ್ಕಿನ್ಸನ್ ಎಂದು ಸ್ಪಷ್ಟವಾಗಿ ಬರೆದಿದ್ದರಲ್ಲ. ಬರೆದದ್ದಕ್ಕೆ ಸಂಕೇತ ಕೊಡುವುದಷ್ಟೇ ನನ್ನ ಕೆಲಸವಲ್ಲವೇ? ಜಿ ಇಪ್ಪತ್ತು ಎಂದು ನಮೂದಿಸಿದೆ. ಹಳದಿ ಹಾಳೆಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡು, ಸಂಜೆ ಬಸ್ ನಿಲ್ದಾಣದ ಕಸದ ಬುಟ್ಟಿಯಲ್ಲಿ ಬಿಸಾಡಿದೆ. ಆದರೆ ಕ್ರಮಸಂಖ್ಯೆ ಉಳಿಯಿತು. ವಹಿಯಲ್ಲಿ ಆ ಸಂಖ್ಯೆಯ ಎದುರು ಏನಾದರೂ ಬರೆಯಲೇಬೇಕಿತ್ತು. ‘ಬರಹದೋಷ — ರದ್ದು’ ಎಂದು ಬರೆದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಬರಹದಲ್ಲಿ ದೋಷವಿದೆಯೆಂದು ನಾನೇ ಒಪ್ಪಿಕೊಂಡದ್ದು — ಅದೂ ಸುಳ್ಳು.

ಮೂರು ವಾರಗಳ ನಂತರ ನನ್ನ ನೌಕರಿ ಖಾಯಂ ಆಯಿತು. ಆ ತ್ರೈಮಾಸಿಕದ ತಪಾಸಣೆಯಲ್ಲಿ ನಿಮ್ಮ ಕಡತವನ್ನೂ ತೆಗೆದು ನೋಡಿದರು. ಒಂದು ತಪ್ಪೂ ಸಿಗಲಿಲ್ಲ. ಶೋಭಾ ಅವರು ಎಲ್ಲರೆದುರು ಚಪ್ಪಾಳೆ ತಟ್ಟಿಸಿದರು.

ಇನ್ನು ನೀವು ಕೇಳಿದ ದಿನ. ಅದನ್ನು ಬರೆಯಲು ನನಗೆ ಭಯವಾಗುತ್ತದೆ; ಅಲ್ಲಿಯವರೆಗಿನ ತಪ್ಪು ಕಾಗದದ ಮೇಲಿತ್ತು, ಅಂದು ಅದು ನನ್ನ ಬಾಯಿಗೆ ಬಂತು.

ಆ ಚಪ್ಪಾಳೆಯ ನಂತರದ ಒಂದು ಶನಿವಾರ ಬೆಳಿಗ್ಗೆ. ಅಂಗಡಿಯಲ್ಲಿ ಆಟೋ ಓಡಿಸುವ ನಾಗೇಶ ಪತ್ರಿಕೆ ತಿರುವುತ್ತ ಕುಳಿತಿದ್ದ. ನೀವು ನನ್ನ ಕೆನ್ನೆಗೆ ನೊರೆ ಹಚ್ಚುತ್ತ ಎಂದಿನಂತೆ ‘ಮೇಷ್ಟ್ರೇ, ಮೀಸೆ ಕೊನೇಗೆ ಅಲ್ಪವಿರಾಮ ಮಡಗ್ಲಾ, ಪೂರ್ಣವಿರಾಮ ಮಡಗ್ಲಾ?’ ಎಂದಿರಿ. ನಾಗೇಶ ನಕ್ಕು, ‘ಮುನಿಯಣ್ಣ, ನಿನ್ ಕೈ ನೋಡಿದ್ರೆ ಆಶ್ಚರ್ಯಸೂಚಕ ಬೀಳೋ ಹಂಗಿದೆ ಗುರು. ಮೇಷ್ಟ್ರೇ, ಇನ್ಶೂರೆನ್ಸ್ ಮಾಡ್ಸಿದ್ದೀರಾ?’ ಎಂದ. ನೀವೂ ನಕ್ಕಿರಿ. ಕತ್ತಿ ತೆಗೆದು ನನ್ನ ಗಲ್ಲ ಎತ್ತಿದಿರಿ. ಬ್ಲೇಡಿನ ತುದಿ ಚರ್ಮಕ್ಕೆ ತಾಗುವ ಮುನ್ನ ಗಾಳಿಯಲ್ಲಿ ಸಣ್ಣಗೆ ಅಲುಗುತ್ತಿತ್ತು. ಬಲಗೈಯನ್ನು ಎಡಗೈಯಿಂದ ಒತ್ತಿಹಿಡಿದು, ನನ್ನ ಕಿವಿಯ ಬಳಿ ಬಗ್ಗಿ, ನಾಗೇಶನಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದಿರಿ:

‘ಮೇಷ್ಟ್ರೇ, ನೀವು ಆಸ್ಪತ್ರೆಯಾಗೇ ಅದೀರಲ್ಲ, ಒಂದ್ ಮಾತು ಕೇಳ್ಲಾ? ಆ ತಲೆಸುತ್ತಿನ ಮಾತ್ರೆ ನುಂಗಾಕ್ ಸುರು ಮಾಡಿದ್ಮ್ಯಾಕೇ ಕೈ ಇಂಗಾಯ್ತೇನೋ ಅಂತ ಒಸಿ ಅನುಮಾನ. ಅದನ್ನ ಬಿಟ್ ನೋಡ್ಲಾ?’

ಯಾವ ಪುಸ್ತಕವನ್ನೂ ಓದದೆ, ಯಾವ ಕಡತವನ್ನೂ ನೋಡದೆ, ನಿಮ್ಮ ಕೈಯನ್ನೇ ನೋಡುತ್ತ ನೀವು ಅಲ್ಲಿಗೆ ತಲುಪಿದ್ದಿರಿ. ನಾನು ಕನ್ನಡಿಯಲ್ಲಿ ನಿಮ್ಮ ಮುಖ ನೋಡಲಿಲ್ಲ.

‘ಡಾಕ್ಟ್ರು ಬರೆದ ಮೇಲೆ ಮುಗೀತು ಮುನಿರಾಜು. ನೀವಾಗಿ ಯಾವ ಮಾತ್ರೆನೂ ಬಿಡ್ಬೇಡಿ’ ಎಂದೆ.

‘ಅಂಗಂತೀರಾ?’

‘ಹೌದು. ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡಿ.’

ರೋಗಿ ತಾನಾಗಿ ಮಾತ್ರೆ ನಿಲ್ಲಿಸಬಾರದೆಂಬ ಮಾತಿನಲ್ಲಿ ತಪ್ಪಿಲ್ಲ. ಯಾರನ್ನು ಬೇಕಾದರೂ ಕೇಳಿ, ಸರಿಯೆನ್ನುತ್ತಾರೆ. ಆ ಸರಿಯಾದ ಮಾತಿನ ಹಿಂದೆಯೇ ನಾನು ಅಡಗಿಕೊಂಡೆ. ‘ಇದನ್ನೇ ಹೋಗಿ ಡಾಕ್ಟರನ್ನ ಕೇಳಿ’ ಎಂದು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ನೀವು ಹೋಗಿ ಕೇಳಿದರೆ ಅವರು ಕಡತ ತರಿಸುತ್ತಾರೆ, ಕಡತ ತರಿಸಿದರೆ ‘ಇದನ್ನು ನಿಮಗೆ ಹೇಳಿದ್ದು ಯಾರು’ ಎನ್ನುತ್ತಾರೆ, ವಹಿ ತೆರೆಯುತ್ತಾರೆ, ರದ್ದಾದ ಸಂಖ್ಯೆ ಕಾಣುತ್ತದೆ — ಒಂದು ಉಸಿರೆಳೆಯುವಷ್ಟರಲ್ಲಿ ಇಷ್ಟೂ ನನ್ನ ಕಣ್ಣ ಮುಂದೆ ಹಾದುಹೋಯಿತು. ನಿಮ್ಮ ಕೈ ಹಾದುಹೋಗಲಿಲ್ಲ. ಅದು ನನ್ನ ಕೊರಳ ಮೇಲೆಯೇ ಇತ್ತು.

ಅನಂತರ ನಡೆದದ್ದನ್ನು ನೀವು ಅನುಭವಿಸಿದಿರಿ, ನಾನು ನೋಡಿದೆ. ವಯಸ್ಸಾದವರೊಬ್ಬರ ಕಿವಿಯ ಹಿಂದೆ ಬ್ಲೇಡು ತಾಗಿ ರಕ್ತ ಬಂತು. ಅವರ ಮಗ ಅಂಗಡಿಗೆ ಬಂದು ಕೂಗಾಡಿದ. ಗಿರಾಕಿಗಳು ಎದುರಿನ ಗಾಜಿನ ಬಾಗಿಲಿನ ಹೊಸ ಸಲೂನಿಗೆ ದಾಟಿದರು, ನಾಗೇಶನೂ ದಾಟಿದ. ‘ಬೇಜಾರ್ ಮಾಡ್ಕೋಬೇಡ ಮುನಿಯಣ್ಣ, ಮದುವೆಗೆ ಹೋಗ್ಬೇಕು ಅದಕ್ಕೇ’ ಎಂದು ಅವನು ಹೇಳಿದ್ದನ್ನೂ, ನೀವು ‘ಓಗಪ್ಪ, ಓಗು’ ಎಂದದ್ದನ್ನೂ ನಾನು ಕುರ್ಚಿಯಿಂದಲೇ ಕೇಳಿಸಿಕೊಂಡೆ. ಪಾರ್ಕಿನ್ಸನ್ ಮಾತ್ರೆಯ ಪ್ರಮಾಣ ಹೆಚ್ಚಾಯಿತು. ಅದರ ಜೊತೆಗೆ ತಲೆಸುತ್ತಿನ ಮಾತ್ರೆಯೂ ನಡೆಯಿತು. ನಡುಕ ನಿಲ್ಲಲಿಲ್ಲ. ನಿಮ್ಮ ಹೆಂಡತಿ ಗೌರಮ್ಮನವರು ಕೊಡಿಗೇಹಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕೆ ಸೇರಿದರು. ಆಮೇಲೊಂದು ಮಂಗಳವಾರ, ಹೇಗೂ ವಾರದ ರಜೆಯ ದಿನ, ಯಾರೂ ನೋಡುವುದಿಲ್ಲವೆಂದು ನೀವು ಅಂಗಡಿಯ ಬೋರ್ಡನ್ನು ಇಳಿಸಿದಿರಿ. ಹಾದಿಯಲ್ಲಿ ಹೋಗುತ್ತಿದ್ದ ನಾನು ನೋಡಿದೆ. ಬೋರ್ಡಿನ ಇನ್ನೊಂದು ತುದಿಯನ್ನು ಹಿಡಿಯಲು ಬರಲಿಲ್ಲ. ಪಕ್ಕದ ಓಣಿಗೆ ತಿರುಗಿಕೊಂಡೆ.

ಅಂಗಡಿ ಇರುವವರೆಗೆ, ಎರಡು ವಾರಕ್ಕೊಮ್ಮೆ, ನಾನು ತಪ್ಪದೆ ಬಂದು ನಿಮ್ಮ ಕುರ್ಚಿಯಲ್ಲಿ ಕುಳಿತೆ. ಏಕೆಂದು ಕೇಳಿದರೆ — ಶಿಕ್ಷೆಯೆಂದುಕೊಂಡಿದ್ದೆನೋ, ಕಾವಲೆಂದುಕೊಂಡಿದ್ದೆನೋ. ನೀವು ಬೇರೆ ಯಾರನ್ನಾದರೂ ಕೇಳಿದ್ದೀರೋ, ಯಾರಾದರೂ ಏನಾದರೂ ಹೇಳಿದ್ದಾರೋ ಎಂದು ಪ್ರತಿ ಸಲವೂ ಕಿವಿ ನಿಮಿರಿಸಿಕೊಂಡು ಕುಳಿತಿರುತ್ತಿದ್ದೆ. ‘ಉಸಿರು ಬಿಡ್ರೀ ಮೇಷ್ಟ್ರೇ, ಕುಯ್ಯಾಕಿಲ್ಲ ನಾನು’ ಎನ್ನುತ್ತಿದ್ದಿರಿ. ನನ್ನ ಹೆದರಿಕೆ ಬ್ಲೇಡಿನದೆಂದು ತಿಳಿದಿದ್ದಿರಿ.

ಕೊನೆಗೆ ನಿಮ್ಮ ಭಾವಮೈದುನ ನಿಮ್ಮನ್ನು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿನ ವೈದ್ಯೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ತಂದು ಮೇಜಿನ ಮೇಲೆ ಸುರಿಯಲು ಹೇಳಿದರಂತೆ. ಒಂದೊಂದನ್ನೇ ಎತ್ತಿ, ಇದು ಯಾವಾಗಿನಿಂದ, ಇದು ಯಾವಾಗಿನಿಂದ ಎಂದು ಕೇಳಿದರಂತೆ. ತಲೆಸುತ್ತಿನ ಮಾತ್ರೆ ನಿಂತಿತು. ಕೆಲವು ತಿಂಗಳಲ್ಲಿ ಎಡಗೈ ಪೂರ್ತಿ ಶಾಂತವಾಯಿತು, ಬಲಗೈ ಮುಕ್ಕಾಲು ಪಾಲು.

ಅದನ್ನು ಹೇಳಲು ನೀವು ಸೀಬೆಹಣ್ಣು ಹಿಡಿದು ನಮ್ಮ ಮನೆಗೆ ಬಂದಿರಿ. ಹಜಾರದಲ್ಲಿ ನಿಂತು, ಎರಡೂ ಕೈಗಳನ್ನು ಮುಂದೆ ಚಾಚಿ, ‘ನೋಡಿ ಮೇಷ್ಟ್ರೇ, ಎಂಗದೆ?’ ಎಂದು ಮಗುವಿನ ಹಾಗೆ ನಕ್ಕಿರಿ. ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದ ಬಂದು ನೋಡಿದಳು. ಆಗ ನೀವು ಅವಳತ್ತ ತಿರುಗಿ ಹೇಳಿದಿರಿ: ‘ಅಮ್ಮಾರೇ, ಎಲ್ರೂ ಬಿಟ್ಟೋದ್ರು. ಬ್ಲೇಡು ಕೊರಳಿಗೆ ಬರ್ತದೆ ಅಂತ ಗೊತ್ತಿದ್ರೂ ಕುರ್ಚಿ ಬಿಡ್ದೇ ಇದ್ದೋರು ಇವರೊಬ್ರೇ. ಇಂಥ ದೊಡ್ ಮನ್ಸು ಯಾರಿಗಿರ್ತದೆ ಏಳಿ?’

ಸುಮಿತ್ರಾ ಹೆಮ್ಮೆಯಿಂದ ನನ್ನ ಕಡೆ ನೋಡಿದಳು.

‘ಅದೇನ್ ದೊಡ್ಡದು, ಬಿಡಿ’ ಎಂದೆ ನಾನು.

ಹಾಳೆ ಹರಿದದ್ದಕ್ಕಿಂತ, ಕುರ್ಚಿಯಲ್ಲಿ ಕುಳಿತು ಸುಳ್ಳಾಡಿದ್ದಕ್ಕಿಂತ, ನನ್ನನ್ನು ಹೆಚ್ಚು ಅಂಜಿಸುವುದು ಈ ಮಾತು. ಆಗ ನನ್ನ ನೌಕರಿಗೆ ಅಪಾಯವಿರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. ಆದರೂ ನಿಮ್ಮ ಕೃತಜ್ಞತೆಯನ್ನು ಕೈಯೊಡ್ಡಿ ತೆಗೆದುಕೊಂಡೆ — ನನಗೆ ಸಲ್ಲಬೇಕಾದದ್ದೆಂಬಂತೆ. ಆ ಹಣ್ಣನ್ನು ತಿಂದೆ ಕೂಡ.

ಈಗೇಕೆ ಹೇಳುತ್ತಿದ್ದೇನೆ? ಧೈರ್ಯ ಬಂದದ್ದರಿಂದಲ್ಲ. ಕಳೆದ ವಾರ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ನಸ್ರೀನ್ ಒಂದು ಹಳದಿ ಹಾಳೆ ಹಿಡಿದು ನನ್ನ ಮೇಜಿನ ಬಳಿ ಬಂದಳು. ಈಗ ಹೊಸಬರಿಗೆ ಕೆಲಸ ಕಲಿಸುವವನು ನಾನೇ. ಕಡತ ಬೇರೆ, ಮಾತ್ರೆ ಬೇರೆ. ಆದರೆ ಅದೇ ಅನುಮಾನ, ಮತ್ತು ಅದೇ ಹಿರಿಯ ವೈದ್ಯರು. ‘ಸರ್, ಪೇಶೆಂಟ್‌ಗೆ ಕೈ ನಡುಗ್ತಿದೆ, ಈ ಮಾತ್ರೆಯಿಂದ ಇರ್ಬಹುದಾ ಅಂತ. ಕಳಿಸ್ಲಾ?’

‘ಸ್ವಲ್ಪ ತಡೀಮ್ಮ. ಅವ್ರು ಬೈತಾರೆ. ಇನ್ನೂ ಹೊಸಬಳು ನೀನು’ — ನನ್ನ ಬಾಯಿಂದಲೇ ಬಂತು. ಆರು ವರ್ಷ ಇದೇ ಪಶ್ಚಾತ್ತಾಪದಲ್ಲಿ ಬೆಂದೆನೆಂದು ನಂಬಿದ್ದ ಮನುಷ್ಯನ ಬಾಯಿಂದ.

ಅವಳು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ‘ಬೈದ್ರೆ ಬೈಲಿ ಬಿಡಿ ಸರ್. ಪೇಶೆಂಟ್‌ಗೆ ಕೈ ನಡುಗ್ತಿದೆಯಲ್ಲ ಸರ್’ ಎಂದು ಮೆಟ್ಟಿಲು ಹತ್ತಿ ಹೋದಳು. ಹತ್ತು ನಿಮಿಷವೂ ಆಗಿರಲಿಲ್ಲ, ಉತ್ತರ ಬರೆಸಿಕೊಂಡು ಬಂದಳು. ‘ಪಾಪ, ಒಳ್ಳೇವ್ರು ಸರ್. ಕೇಳಿದ್ದು ಒಳ್ಳೇದಾಯ್ತು ಕಣಮ್ಮ, ನಾನು ನೋಡಿರ್ಲಿಲ್ಲ ಅಂದ್ರು.’

ಹತ್ತು ನಿಮಿಷ, ಮುನಿರಾಜು ಅವರೇ. ನಿಮ್ಮ ಅಂಗಡಿ ಹೋದದ್ದು, ಗೌರಮ್ಮನವರು ಬೇರೆಯವರ ಮನೆಯ ನೆಲ ಒರೆಸಿದ್ದು, ನಿಮ್ಮ ಬಲಗೈ ಇಂದಿಗೂ ಲೋಟ ಹಿಡಿದಾಗ ತುಳುಕುವುದು — ಇವೆಲ್ಲಕ್ಕೂ ಎದುರಾಗಿ ನಾನು ಉಳಿಸಿಕೊಂಡದ್ದು ಹತ್ತು ನಿಮಿಷದ ಮುಜುಗರ. ಅಂದು ಅವರು ನನ್ನನ್ನು ಬೈಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ನಾನು ಮೆಟ್ಟಿಲು ಹತ್ತಲೇ ಇಲ್ಲ.

ನಿಮಗೆ ತಿಳಿಯದ ಇನ್ನೊಂದು ಸಂಗತಿಯಿದೆ. ನಮ್ಮ ಆಸ್ಪತ್ರೆಯಲ್ಲಿ ನಿಮ್ಮ ಕಡತದ ಮೊದಲ ಪುಟದಲ್ಲಿ ಜಿ ಇಪ್ಪತ್ತು ಇನ್ನೂ ಹಾಗೆಯೇ ಇದೆ. ನಾಳೆ ನೀವು ಜ್ವರವೆಂದು ಬಂದರೂ ಅಲ್ಲಿನ ವೈದ್ಯರ ಕಣ್ಣಿಗೆ ಮೊದಲು ಬೀಳುವುದು ಅದೇ. ಅದನ್ನು ಅಳಿಸುವ ಅಧಿಕಾರ ನನಗಿಲ್ಲ. ವೈದ್ಯರು ತಿದ್ದುಪಡಿ ಬರೆದು ಸಹಿ ಮಾಡಬೇಕು. ಇಂದು ಬೆಳಿಗ್ಗೆ ನಾಲ್ಕನೆಯ ಮಹಡಿಗೆ ಹೋಗಿ ಆ ಹಿರಿಯ ವೈದ್ಯರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ‘ಅವರನ್ನ ಕರ್ಕೊಂಡ್ ಬನ್ನಿ’ ಎಂದಷ್ಟೇ ಹೇಳಿದರು. ಅಲ್ಲಿಂದ ಅಧೀಕ್ಷಕರ ಕೊಠಡಿಗೆ ಹೋಗಿ, ಹರಿದ ಹಾಳೆಯ ಕ್ರಮಸಂಖ್ಯೆಯನ್ನೂ ವಹಿಯ ಸುಳ್ಳು ನಮೂದನ್ನೂ ತಿಳಿಸುವ ಪತ್ರ ಕೊಟ್ಟು, ಸ್ವೀಕೃತಿ ಪಡೆದೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಅವರು ತೀರ್ಮಾನಿಸುತ್ತಾರೆ. ನಿಮಗೆ ದೂರು ಕೊಡಬೇಕೆನಿಸಿದರೆ ಆ ಪತ್ರದ ನಕಲು ನಿಮ್ಮದು.

ಸುಮಿತ್ರಾಗೂ ಹೇಳಿದೆ. ಅವಳು ನನ್ನೊಡನೆ ಮಾತನಾಡುತ್ತಿಲ್ಲ.

ಇದನ್ನು ಅಂಚೆಗೆ ಹಾಕಿ ಮನೆಯಲ್ಲಿ ಕುಳಿತುಕೊಳ್ಳಬಹುದಿತ್ತು. ಹಾಗೆ ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ, ಗೌರಮ್ಮನವರೂ ಮನೆಯಲ್ಲಿರುವ ಹೊತ್ತಿಗೆ ಬಂದು, ನಿಮ್ಮಿಬ್ಬರ ಎದುರು ನಾನೇ ಓದುತ್ತೇನೆ. ನೀವು ಬಹುಶಃ ಏನೂ ಅನ್ನುವುದಿಲ್ಲ. ನಿಮ್ಮ ಸ್ವಭಾವ ನನಗೆ ಗೊತ್ತು. ಗೌರಮ್ಮನವರು ಕೇಳುತ್ತಾರೆ. ‘ಯಾಕ್ ಮೇಷ್ಟ್ರೇ ಇಂಗ್ ಮಾಡಿದ್ರಿ?’ ಎಂದು ಖಂಡಿತ ಕೇಳುತ್ತಾರೆ. ಎಷ್ಟು ಹುಡುಕಿದರೂ ಅದಕ್ಕೆ ನನ್ನಲ್ಲಿರುವ ಉತ್ತರ ‘ಹೆದರಿದೆ’ ಎಂಬುದೊಂದೇ. ಅದು ಅವರಿಗೆ ಸಾಲುವುದಿಲ್ಲ, ಸಾಲಲೂ ಬಾರದು. ಅದನ್ನೇ ಹೇಳುತ್ತೇನೆ. ಹೇಳಿ, ಅವರು ಹೋಗೆನ್ನುವವರೆಗೆ, ಅವರ ಮುಖವನ್ನು ನೋಡುತ್ತ ಅಲ್ಲಿಯೇ ನಿಂತಿರುತ್ತೇನೆ.